ಕಣದ ಕಸ, ಬಚ್ಚಲ ನೀರು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹೊಳೆಯಾಚೆ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರಿ ಸಂಘ ಹುಟ್ಟಿತು. ಒಬ್ಬನಿಂದ ಆಗದ್ದು ಹತ್ತು ಮಂದಿಯಿಂದ ಆಗುತ್ತದೆ ಎಂಬುದೇ ಅದರ ತಿರುಳು. ಸಾಲ, ಬೀಜ, ಗೊಬ್ಬರಕ್ಕೆ ಒಂದಾದ ನಾವು ನೀರಿಗೂ ಒಂದಾಗಬೇಕು ಎಂದು ಹೇಳಲು ನಿಂತಿದ್ದೇನೆ.

1980ರ ದಶಕದಲ್ಲಿ ಹರಿಹರದ ಕಡೆಯ ಕಾರ್ಖಾನೆ ನೀರು ತುಂಗಭದ್ರೆಯನ್ನು ಕೆಡಿಸುತ್ತದೆ ಎಂದು ದಂಡೆಯ ಜನ ಹೋರಾಡಿದರು. ನ್ಯಾಯವೇ. ಆದರೆ ನಮ್ಮ ಗಟಾರವೂ ಹಳ್ಳಕ್ಕೆ, ಹಳ್ಳ ಹೊಳೆಗೆ ಅಲ್ಲವೇ?

ಸುಗ್ಗಿ ಮುಗಿದರೆ ಮೆಕ್ಕೆಜೋಳದ ಬೆಂಡು, ಶೇಂಗಾ ಸಿಪ್ಪೆ, ಭತ್ತದ ಹೊಟ್ಟಿಗೆ ಬೆಂಕಿ ಹಚ್ಚುತ್ತೇವೆ. ಇವುಗಳ ನಾರಿಗೆ ಬಣ್ಣವನ್ನೂ, ಸೀಸ, ತಾಮ್ರದಂಥ ಲೋಹವನ್ನೂ ಮೈಗೆ ಅಂಟಿಸಿಕೊಳ್ಳುವ ಗುಣವಿದೆ. ಶಾಸ್ತ್ರದಲ್ಲಿ ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಗಾಳಿ ಆಡದಂತೆ ಮಣ್ಣು ಮುಚ್ಚಿ ಸುಟ್ಟರೆ ಇದ್ದಿಲಾಗುತ್ತದೆ. ಅದರ ಮೈತುಂಬ ಕಣ್ಣಿಗೆ ಕಾಣದ ತೂತು. ಕಾರ್ಖಾನೆಯಲ್ಲಿ ಪಟುಗೊಳಿಸಿದ ತೆಂಗಿನ ಕರಟದ ಇದ್ದಿಲು ಒಂದು ಗ್ರಾಂ ಇದ್ದರೆ ಒಳಮೈ 500 ಚದರ ಮೀಟರಿಗೂ ಮಿಕ್ಕುತ್ತದೆ. ನಮ್ಮ ಮನೆ ಇದ್ದಿಲಿಗೆ ಅಷ್ಟು ಶಕ್ತಿಯಿಲ್ಲ, ಆದರೂ ಬಣ್ಣ, ವಾಸನೆ ತಗ್ಗಿಸುತ್ತದೆ. ಗಾಳಿ ಬಿಟ್ಟು ಸುಟ್ಟರೆ ಉಳಿಯುವುದು ಬರೀ ಬೂದಿ.

ಮಾಡುವುದು ಕಷ್ಟವಲ್ಲ. ಬಚ್ಚಲ ಹಿಂದೆ ಗುಂಡಿ ತೋಡಿ, ತಳಕ್ಕೆ ಜಲ್ಲಿ, ಮೇಲೆ ತೊಳೆದ ಇದ್ದಿಲು, ಅದರ ಮೇಲೆ ಮರಳು ಹಾಕಿರಿ. ನೀರು ನಿಧಾನ ಇಳಿಯಬೇಕು. ಮೊದಲು ಜಿಡ್ಡು, ಅನ್ನದಗುಳು ತಡೆಯಲು ಒಂದು ಸಣ್ಣ ತೊಟ್ಟಿ ಇರಲಿ. ಇಳಿದ ನೀರು ತೆಂಗಿಗೆ, ಮಲ್ಲಿಗೆ ಬುಡಕ್ಕೆ ಆದೀತು; ಹಸಿ ತಿನ್ನುವ ಸೊಪ್ಪಿಗೆ ಬೇಡ.

ಇನ್ನು ನನ್ನ ತಪ್ಪೊಂದು ಹೇಳ್ತೇನೆ. ಇದೇ ಇದ್ದಿಲಿನಲ್ಲಿ ಮನೆಯ ಕೊಳವೆಬಾವಿ ನೀರು ಸೋಸಿದೆ. ವಾಸನೆ ಹೋಯಿತು, ನೀರು ಕನ್ನಡಿಯಂತಾಯಿತು. ‘ಕುಡೀರಿ, ಏನೂ ಆಗಲ್ಲ’ ಎಂದು ಓಣಿಗೆಲ್ಲ ಹೇಳಿದೆ. ಆಮೇಲೆ ಪರೀಕ್ಷೆ ಮಾಡಿಸಿದರೆ ಫ್ಲೋರೈಡ್ ಮಿತಿಗಿಂತ ಹೆಚ್ಚಿತ್ತು. ಮೊಮ್ಮಗಳ ಹಲ್ಲಿನ ಕಂದು ಕಲೆ ನೋಡಿದಾಗಲೆಲ್ಲ ಆ ಮಾತು ನೆನಪಾಗಿ ನಾಚಿಕೆಯಾಗುತ್ತದೆ. ನಮ್ಮ ಹಳೆ ಬಳ್ಳಾರಿ ಜಿಲ್ಲೆಯ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ನಡೆದೀತು. ಸಾದಾ ಇದ್ದಿಲಿಗೆ ಅದು ಹೆಚ್ಚು ಅಂಟುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದಕ್ಕೆ ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನ, ಶುದ್ಧೀಕರಣ ಘಟಕ ಅಥವಾ ಶೇಖರಿಸಿದ ಮಳೆನೀರು ಬೇಕು. ಇದ್ದಿಲು ರೋಗಾಣುವನ್ನೂ ಕೊಲ್ಲುವುದಿಲ್ಲ. ತಿಳಿಯಾದ ನೀರೆಲ್ಲ ಶುದ್ಧವಲ್ಲ, ತಮ್ಮಂದಿರಾ.

ಇದ್ದಿಲಿಗೂ ಹೊಟ್ಟೆ ತುಂಬುತ್ತದೆ. ವಾಸನೆ ಮರಳಿದರೆ ಬದಲಿಸಬೇಕು. ಬಣ್ಣ, ಲೋಹ ಹಿಡಿದ ಇದ್ದಿಲನ್ನು ತಿಪ್ಪೆಗೆ ಹಾಕಿದರೆ ಹಿಡಿದ ವಿಷವನ್ನು ಹೊಲಕ್ಕೆ ನಾವೇ ಹೊತ್ತಂತೆ. ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆದು ‘ಇದ್ದಿಲಿದೆ’ ಎಂದು ನಂಬಬೇಡಿರಿ.

ಸಂಘಕ್ಕೆ ನನ್ನ ಬಿನ್ನಹ ಎರಡೇ. ಗೋದಾಮಿನ ಹಿಂದೆ ಮಾದರಿಗೆ ಒಂದು ಗುಂಡಿ ಮಾಡೋಣ. ಸದಸ್ಯರ ಕುಡಿಯುವ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಅಂಕಿಯನ್ನು ಲಾಭಾಂಶದ ಲೆಕ್ಕದ ಜೊತೆಗೇ ಫಲಕದ ಮೇಲೆ ಬರೆಯೋಣ. ಮುಂದಿನ ಇಪ್ಪತ್ತೈದು ವರ್ಷದ ಷೇರು ಬಂಡವಾಳ ನಮ್ಮ ಮಕ್ಕಳೇ.