ಎರವಲು ಮಡಿಲು

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ದಾರಿಯಲ್ಲಿ ಹೋಗುವ ಹಲವರು ಚನ್ನಪಟ್ಟಣ ದಾಟಿದೊಡನೆ ದೊಡ್ಡಮಳೂರಿನಲ್ಲಿ ಇಳಿಯುತ್ತಾರೆ. ಅಲ್ಲಿ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಅವನಿಗೆ ತೊಟ್ಟಿಲ ಹರಕೆ ಒಪ್ಪಿಸುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಈ ಮೂರ್ತಿಯನ್ನು ಕಂಡು ಹಾಡಿದರೆಂದು ಪ್ರತೀತಿ. ಆ ಕೀರ್ತನೆಯಲ್ಲಿ ಮಗುವನ್ನು ಆಡಿಸುವವಳು ಯಶೋದೆ. ಹೆತ್ತವಳು ದೇವಕಿಯಲ್ಲವೆ? ಹೆರುವ ಭಾಗ್ಯ ಬೇಡಿ ಬಂದವರೆಲ್ಲ ಕೈಮುಗಿಯುವುದು ಸಾಕುತಾಯಿಯ ಮಡಿಲಲ್ಲಿ ಬೆಳೆದ ಕೂಸಿಗೆ. ಇದು ನನಗೆ ಎಂದೂ ಸೋಜಿಗವೆ.

ಈ ಯಶೋದೆಯ ಬಳಗದವರ ವಿಚಾರವನ್ನೇ ಇಂದು ನಿಮ್ಮೊಡನೆ ಆಡಬೇಕೆಂದಿದ್ದೇನೆ. ಕೆಲವು ಕಾಲ ಮಾತ್ರ ಮಗುವನ್ನು ನೋಡಿಕೊಂಡು, ಆಮೇಲೆ ಒಪ್ಪಿಸಿಬಿಡಬೇಕಾದವರು ಇವರು. ಟೆಲಿವಿಷನ್ ಕಥೆಗಳಲ್ಲಿ ಇವರನ್ನು ಮತ್ತೆ ಮತ್ತೆ ಕಾಣುತ್ತೇವೆ. ವಾನುಲಿಯಲ್ಲಿ ಕುಳಿತು ಟೆಲಿವಿಷನ್ನಿನ ಮಾತೇಕೆ ಎಂದು ನಗಬೇಡಿ. ಅನೇಕ ಮನೆಗಳಲ್ಲಿ ಇವೆರಡೂ ಒಂದೇ ನಡುಮನೆಯಲ್ಲಿ ಸಂಸಾರ ಮಾಡಿಕೊಂಡಿವೆ.

ರಾಮಾನಂದ ಸಾಗರರ ‘ಶ್ರೀ ಕೃಷ್ಣ’ 1993ರಲ್ಲಿ ದೂರದರ್ಶನದಲ್ಲಿ ಆರಂಭವಾದಾಗ ಯಶೋದೆ ನಮ್ಮ ಮನೆಮನೆಗೂ ಬಂದಳು. ತಾನು ಎರವಲು ತಾಯಿ ಎಂಬುದೇ ಅವಳಿಗೆ ತಿಳಿಯದು. ಅಕ್ರೂರನ ರಥ ಬಂದು ನಿಂತಾಗ ಅವಳ ಸಂಕಟಕ್ಕೆ ಯಾರ ಕರುಳು ಕರಗದು? ಆದರೆ ಕೃಷ್ಣನ ಸಂಕಟವನ್ನು ನಾವು ಹೆಚ್ಚು ಕೇಳಲಿಲ್ಲ. ಅವನು ದೇವರು, ಮಥುರೆಯಲ್ಲಿ ಅವನಿಗೆ ಕೆಲಸವಿತ್ತು. ನಮ್ಮ ಮನೆಯ ಮಕ್ಕಳಾದರೋ ದೇವರಲ್ಲ.

ಇನ್ನೊಂದು ಕಥೆ ಆರ್. ಕೆ. ನಾರಾಯಣರದು, ‘ಲೀಲಾಳ ಗೆಳೆಯ’. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮಾಲೆಯಲ್ಲಿ ಅದೂ ಬಂತು. ಸಿದ್ದ ಮನೆಯ ಆಳು. ಬಟ್ಟೆ ಒಗೆಯುವುದು, ಸೌದೆ ಒಡೆಯುವುದು, ಐದು ವರ್ಷದ ಲೀಲಾಳನ್ನು ನೋಡಿಕೊಳ್ಳುವುದು ಅವನ ಕೆಲಸ. ಚಂಡು ಎಸೆದು, ಅದು ಚಂದ್ರನನ್ನು ಮುಟ್ಟಿ ಬಂತೆಂದು ಹೇಳಿ ಅವಳನ್ನು ನಂಬಿಸುತ್ತಾನೆ. ಅವಳು ಗುರುವಾಗಿ ಅವನಿಗೆ ಅಕ್ಷರ ತಿದ್ದಿಸುತ್ತಾಳೆ. ಒಂದು ದಿನ ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ. ಸಿದ್ದ ಹಿಂದೆ ಸೆರೆಮನೆ ಕಂಡವನೆಂದು ಪೊಲೀಸರಿಂದ ತಿಳಿಯುತ್ತದೆ, ಅಷ್ಟೇ ಸಾಕಾಗುತ್ತದೆ. ಲೀಲಾ ಬೇಡವೆಂದರೂ ಅವನನ್ನು ಎಳೆದೊಯ್ಯುತ್ತಾರೆ. ಆಮೇಲೆ ಸರ ಸಿಕ್ಕುವುದು ಅಡಿಗೆಮನೆಯ ಹುಣಸೆಹಣ್ಣಿನ ಗಡಿಗೆಯಲ್ಲಿ. ಆಗಲೂ ಮನೆಯ ಯಜಮಾನ, ಅಂಥವನನ್ನು ಹೇಗೂ ಇಟ್ಟುಕೊಳ್ಳುವಂತಿರಲಿಲ್ಲ ಎಂದು ಮಾತು ಮುಗಿಸುತ್ತಾನೆ. ಆಳು ಹೋದ, ಸರ ಬಂತು. ಲೀಲಾಳ ಗೆಳೆಯ ಎಲ್ಲಿ ಹೋದನೆಂಬ ಲೆಕ್ಕ ಮಾತ್ರ ಯಾರ ವಹಿಯಲ್ಲೂ ಇಲ್ಲ.

ಜೀ ಕನ್ನಡದಲ್ಲಿ 2023ರಲ್ಲಿ ಆರಂಭವಾದ ‘ಸೀತಾ ರಾಮ’ದಲ್ಲಿ ಸಿಹಿ ಎಂಬ ಪುಟ್ಟ ಹುಡುಗಿಯಿದ್ದಳು. ಸೀತೆ ಬಾಡಿಗೆ ತಾಯಿಯಾಗಿ ಅವಳನ್ನು ಹೆತ್ತವಳು, ತಾನೇ ಸಾಕಿದವಳು. ಮಗು ಯಾರದು ಎಂಬ ಪ್ರಶ್ನೆಯ ಸುತ್ತ ಕಥೆ ಎಷ್ಟೋ ಸಂಜೆ ನಡೆಯಿತು. ನೋಡುತ್ತಿದ್ದವರು ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದು ವಾದಿಸುತ್ತಿದ್ದರು.

ಈ ಮೂರು ಕಥೆಗಳಲ್ಲಿಯೂ ನಮ್ಮ ಕಣ್ಣು ದೊಡ್ಡವರ ಮೇಲೆಯೇ ನಿಲ್ಲುತ್ತದೆ. ಮಗುವಿನ ಮಾತು ಬಂದರೆ, ‘ಅದಕ್ಕೇನು, ನಾಲ್ಕು ದಿನ ಅತ್ತು ಮರೆಯುತ್ತದೆ’ ಎನ್ನುತ್ತೇವೆ. ನಿಜವಾಗಿ ಮರೆಯುತ್ತದೆಯೆ?

ಲಂಡನ್ನಿನಲ್ಲಿ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿಗಳು 1960ರ ದಶಕದಲ್ಲಿ ಇದನ್ನೇ ಕ್ಯಾಮೆರಾ ಹಿಡಿದು ಪರೀಕ್ಷಿಸಿದರು. ತಾಯಿ ಹೆರಿಗೆಗೆಂದು ಆಸ್ಪತ್ರೆಗೆ ಹೋದಾಗ ಹದಿನೇಳು ತಿಂಗಳ ಜಾನ್ ಎಂಬ ಮಗು ಒಂಬತ್ತು ದಿನ ಶಿಶುಗೃಹದಲ್ಲಿತ್ತು. ದಾದಿಯರು ಒಳ್ಳೆಯವರೇ, ಆದರೆ ಪಾಳಿ ಬದಲಾದಂತೆ ಕೈ ಬದಲಾಗುತ್ತಿತ್ತು. ಮಗು ಸೊರಗಿತು. ತಾಯಿ ಬಂದಾಗ ಮುಖ ತಿರುಗಿಸಿತು. ಅಂಥದೇ ಸಂದರ್ಭದಲ್ಲಿದ್ದ ಬೇರೆ ಕೆಲವು ಮಕ್ಕಳನ್ನು ಈ ದಂಪತಿಗಳು ತಮ್ಮ ಮನೆಯಲ್ಲಿಯೇ ಇಟ್ಟುಕೊಂಡರು. ಮನೆಯ ಅಭ್ಯಾಸಗಳನ್ನು ಮುಂದುವರಿಸಿದರು, ತಾಯಿಯ ಚಿತ್ರ ತೋರಿಸಿ ಅವಳ ಮಾತಾಡಿದರು. ಆ ಮಕ್ಕಳಿಗೂ ದುಃಖವಿತ್ತು. ಆದರೆ ಅವು ಅಷ್ಟು ಕುಗ್ಗಲಿಲ್ಲ.

ಇದು ನಮಗೆ ದೂರದ ಮಾತಲ್ಲ. ಬಿಡದಿಯ ಕಾರ್ಖಾನೆಗಳಿಗೆ, ಬೆಂಗಳೂರಿನ ಗಾರ್ಮೆಂಟ್ಸಿಗೆ ಬೆಳಗಿನ ಬಸ್ಸು ಹಿಡಿಯುವ ತಾಯಂದಿರಿದ್ದಾರೆ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಿವೆ. ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಕೂಲಿಗೆ ಹೋಗುವವರಿದ್ದಾರೆ. ಅವರ ಕೂಸು ಅಜ್ಜಿಯ ಬಳಿಯೋ, ಪಕ್ಕದ ಮನೆಯ ದೊಡ್ಡಮ್ಮನ ಬಳಿಯೋ ಇರುತ್ತದೆ. ಕೂಲಿಕಾರ ತಾಯಂದಿರ ಮಕ್ಕಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2023ರಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಆರಂಭಿಸಿದರು. ಹೆತ್ತವರ ಬಳಿ ಇರಲಾಗದ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆ ಪೋಷಕತ್ವದ ದಾರಿ ಮಾಡಿಕೊಟ್ಟಿದೆ; ಇದನ್ನೇ ಫಾಸ್ಟರ್ ಕೇರ್ ಎನ್ನುತ್ತಾರೆ. ದತ್ತು ಬೇರೆ, ಇದು ಬೇರೆ. ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಒಂದು ಕುಟುಂಬಕ್ಕೆ ಒಪ್ಪಿಸುತ್ತದೆ, ತಿಂಗಳಿಗೊಮ್ಮೆ ತಪಾಸಣೆ ನಡೆಸುತ್ತದೆ. ಊಟ, ಓದು, ಆರೋಗ್ಯದ ಹೊಣೆ ಆ ಕುಟುಂಬದ್ದು. ಮಗುವಿಗೆ ಕೇಡಿಲ್ಲವೆಂದಾದರೆ ಹೆತ್ತವರು ಬಂದು ನೋಡಬಹುದು. ಅವರು ಸಾಕಲು ಶಕ್ತರಾದ ಮೇಲೆ ಮಗು ಅವರ ಮನೆಗೆ ಮರಳಬಹುದು.

ಈ ಮರಳುವ ಹೊತ್ತು ಬಲು ಕಷ್ಟದ್ದು. ಧಾರಾವಾಹಿಯಲ್ಲಿ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಬೇಕು. ಮನೆಯಲ್ಲಿ ಹಾಗಾಗಬೇಕಿಲ್ಲ. ನೋಡಿಕೊಂಡ ಅಜ್ಜಿಯನ್ನು, ಆಯಾಳನ್ನು, ನೆರೆಯವಳನ್ನು ಒಂದೇ ದಿನದಲ್ಲಿ ಮಗುವಿನ ಕಣ್ಣಿಂದ ಮರೆ ಮಾಡಬೇಡಿ. ಹೋಗುವ ಮಾತನ್ನು ಮೊದಲೇ ತಿಳಿಸಿ. ಅವರ ಹೆಸರೆತ್ತಿ ಅತ್ತರೆ ಗದರಬೇಡಿ. ಹಬ್ಬಕ್ಕೊಮ್ಮೆ ಅವರ ಮನೆಗೆ ಕರೆದೊಯ್ಯಿರಿ. ನೋಡಿಕೊಳ್ಳುವವರೂ ಮಗುವಿನ ಮುಂದೆ ಹೆತ್ತವಳನ್ನು ಹಳಿಯದಿರಲಿ. ಯಶೋದೆಯನ್ನು ನೆನೆದರೆ ದೇವಕಿಗೆ ಕೊರತೆಯಾಗದು.

ಇನ್ನೊಮ್ಮೆ ಸಂಜೆಯ ಕಥೆಯಲ್ಲಿ ಮಗು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಹೋಗುವಾಗ, ಅಳುವ ಇಬ್ಬರು ಹೆಂಗಸರನ್ನು ಬಿಟ್ಟು ಮಗುವಿನ ಮುಖ ನೋಡಿ. ಆಮೇಲೆ ನಿಮ್ಮ ಪಕ್ಕದಲ್ಲಿ ಕುಳಿತ ಮಗುವನ್ನೂ ಒಮ್ಮೆ ಕೇಳಿ: ನಿನಗೆ ಯಾರ ನೆನಪಾಗುತ್ತದೆ, ಮಗು?