ಸಣ್ಣ ಸೌರ ವಿದ್ಯುತ್ ಘಟಕ: ಉತ್ಪಾದನೆ ಕುಗ್ಗಿದಾಗ



ವಿದ್ಯುತ್ ಜಾಲದ ಸಂಪರ್ಕವಿಲ್ಲದೆ ಸ್ವತಂತ್ರವಾಗಿ ನಡೆಯುವ ಸಣ್ಣ ಸೌರ ಘಟಕಗಳ ಬಗ್ಗೆ ಬಳಕೆದಾರರಿಂದ ಮೇಲಿಂದ ಮೇಲೆ ಕೇಳಿಬರುವ ದೂರೊಂದುಂಟು: 100 ವಾಟ್ ಎಂದು ನಮೂದಿಸಿದ ಫಲಕವು ಅಷ್ಟನ್ನು ಕೊಡುತ್ತಿಲ್ಲ. ಹೀಗಾದಾಗ ಹೊಸ ಫಲಕವನ್ನೇ ಕೊಂಡುಬಿಡುವವರಿದ್ದಾರೆ. ಬಹುತೇಕ ಸಂದರ್ಭಗಳಲ್ಲಿ ಅದು ವ್ಯರ್ಥ ವೆಚ್ಚ. ಘಟಕದ ಭಾಗಗಳ ಪೈಕಿ ಅತಿ ವಿರಳವಾಗಿ ಕೆಡುವುದು ಫಲಕವೇ.

ಫಲಕದ ಹಿಂಬದಿಯ ಚೀಟಿಯಲ್ಲಿರುವ ಸಾಮರ್ಥ್ಯವನ್ನು ಪ್ರತಿ ಚದರ ಮೀಟರಿಗೆ 1000 ವಾಟ್ ಬೆಳಕಿನಲ್ಲಿ, ಕೋಶಗಳು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದಾಗ ಅಳೆದಿರುತ್ತಾರೆ. ಬೇಸಿಗೆಯ ತಾರಸಿಯಲ್ಲಿ ಕೋಶಗಳು 60 ಡಿಗ್ರಿಯಷ್ಟು ಕಾಯುತ್ತವೆ. ಡಿಗ್ರಿಗೆ ಸುಮಾರು ಶೇಕಡಾ 0.4ರಂತೆ ಸಾಮರ್ಥ್ಯ ಕುಗ್ಗುತ್ತದೆ. ಜೊತೆಗೆ, ಸಾಧಾರಣ ಬೆಲೆಯ ಚಾರ್ಜ್ ನಿಯಂತ್ರಕವು ಫಲಕವನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ನಿಲ್ಲಿಸುತ್ತದೆ. 5.5 ಆಂಪಿಯರ್ ವಿದ್ಯುತ್ತು 13 ವೋಲ್ಟ್‌ನಲ್ಲಿ ಹರಿದರೆ ದೊರೆಯುವುದು ಸುಮಾರು 70 ವಾಟ್. ಇದು ದೋಷವಲ್ಲ. ಬ್ಯಾಟರಿ ತುಂಬಿದ ಮೇಲೆ ನಿಯಂತ್ರಕವು ಪ್ರವಾಹವನ್ನು ತಗ್ಗಿಸುವುದೂ ದೋಷವಲ್ಲ. ಆದರೆ ಎಷ್ಟೋ ದೂರುಗಳಿಗೆ ಮೂಲ ಇದೇ.

ಆದ್ದರಿಂದ ಮೊದಲು ಫಲಕವನ್ನೇ ಪರೀಕ್ಷಿಸುವುದು ಯುಕ್ತ. ಶುಭ್ರ ಆಕಾಶದ ನಡುಹಗಲಿನಲ್ಲಿ ಫಲಕವನ್ನು ನಿಯಂತ್ರಕದಿಂದ ಬೇರ್ಪಡಿಸಿ ಮಲ್ಟಿಮೀಟರಿನಿಂದ ಅಳೆಯಬೇಕು. ವೋಲ್ಟೇಜು ಮಾತ್ರ ನೋಡಿದರೆ ಸಾಲದು. ಮಂದ ಬೆಳಕಿನಲ್ಲಿಯೂ ಅದು ಸರಿಯಾಗಿಯೇ ಕಾಣುತ್ತದೆ. ಮೀಟರನ್ನು 10 ಆಂಪಿಯರ್ ಶ್ರೇಣಿಗೆ ಇಟ್ಟು ಫಲಕದ ಎರಡು ತುದಿಗಳ ನಡುವೆ ಹರಿಯುವ ಪ್ರವಾಹವನ್ನು ನೋಡಬೇಕು. ಅದು ಚೀಟಿಯಲ್ಲಿರುವ ಶಾರ್ಟ್ ಸರ್ಕ್ಯೂಟ್ ಪ್ರವಾಹದ ಸಮೀಪವಿದ್ದರೆ ಫಲಕ ನಿರ್ದೋಷಿ. ಈ ಪರೀಕ್ಷೆಯನ್ನು ಬ್ಯಾಟರಿಯ ಮೇಲೆ ಎಂದಿಗೂ ಮಾಡಕೂಡದು. ಕ್ಷಣಾರ್ಧದಲ್ಲಿ ತಂತಿ ಕರಗಿ ಕೈ ಸುಟ್ಟೀತು.

ಪ್ರವಾಹ ಕಡಿಮೆಯಿದ್ದರೆ ಧೂಳನ್ನೂ ನೆರಳನ್ನೂ ಶಂಕಿಸಬೇಕು. ಕೋಶಗಳು ಸರಪಣಿಯಂತೆ ಜೋಡಿಸಲ್ಪಟ್ಟಿರುವುದರಿಂದ ಒಂದು ಕೋಶದ ಮೇಲಿನ ನೆರಳು ಇಡೀ ಸಾಲನ್ನು ತಡೆಯುತ್ತದೆ. ನೆರಳು ಋತುವಿನೊಂದಿಗೆ ಸರಿಯುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ದೆಹಲಿಯಲ್ಲಿ ಜೂನ್ ತಿಂಗಳ ಮಧ್ಯಾಹ್ನ ಒಂದು ಮೀಟರ್ ಎತ್ತರದ ಕಟ್ಟೆಗೋಡೆಯ ನೆರಳು ಗೇಣುದ್ದವೂ ಇರುವುದಿಲ್ಲ. ಡಿಸೆಂಬರಿನಲ್ಲಿ ಅದು ಒಂದೂಕಾಲು ಮೀಟರಿಗೂ ಮಿಕ್ಕಿ ಚಾಚುತ್ತದೆ. ಚೆನ್ನೈಯಲ್ಲಿ ಅದೇ ಡಿಸೆಂಬರಿನ ನೆರಳು ಮುಕ್ಕಾಲು ಮೀಟರ್ ಮಾತ್ರ. ಬೇಸಿಗೆಯಲ್ಲಿ ಜಾಗ ನೋಡಿ ಕೂರಿಸಿದ ಫಲಕ ಚಳಿಗಾಲದಲ್ಲಿ ಸೊರಗುವುದು ಹೀಗೆ.

ಫಲಕ ಸರಿಯಿದ್ದರೆ ತಂತಿಯನ್ನು ನೋಡಬೇಕು. ಹೆಚ್ಚಿನ ಹಾನಿ ಇಲ್ಲಿಯೇ ಅಡಗಿರುತ್ತದೆ. ಫಲಕದಿಂದ ನಿಯಂತ್ರಕಕ್ಕೆ 10 ಮೀಟರ್ ದೂರವಿದೆಯೆಂದೂ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿದೆಯೆಂದೂ ಇಟ್ಟುಕೊಂಡರೆ, ಹೋಗಿಬರುವ 20 ಮೀಟರಿನಲ್ಲಿ ಸುಮಾರು 1.3 ವೋಲ್ಟ್ ನಷ್ಟವಾಗುತ್ತದೆ. ತಂಪಾಗಿರುವಾಗ 18 ವೋಲ್ಟ್ ಕೊಡುವ ಫಲಕ ಕಾದಾಗ 15ಕ್ಕೆ ಇಳಿದಿರುತ್ತದೆ. ಕಳೆದು ಉಳಿದದ್ದು 14ಕ್ಕಿಂತ ಕಡಿಮೆ; ಬ್ಯಾಟರಿ ಪೂರ್ತಿ ತುಂಬಲು ಬೇಕಾದದ್ದು 14.4. ಬೆಳಿಗ್ಗೆ ಚೆನ್ನಾಗಿಯೇ ಹರಿದ ಪ್ರವಾಹ ಮಧ್ಯಾಹ್ನ ಕುಗ್ಗುವುದು ಇದರಿಂದಲೇ. 4 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ ಅರ್ಧ ವೋಲ್ಟ್‌ನಷ್ಟೇ. ಸಡಿಲವಾದ, ಪಾಚಿ ಹಿಡಿದ ಜೋಡಣೆಯೂ ತೆಳು ತಂತಿಯಷ್ಟೇ ಕೆಡುಕು ಮಾಡುತ್ತದೆ; ಮುಂಬಯಿಯಂತಹ ಕಡಲತಡಿಯ ಊರುಗಳಲ್ಲಿ ಅದನ್ನು ಮಳೆಗಾಲದ ಬಳಿಕ ತಪ್ಪದೆ ಉಜ್ಜಿ ಬಿಗಿಗೊಳಿಸಬೇಕು.

ದಿನವೂ ಅರೆಬರೆ ತುಂಬುವ ಸೀಸ-ಆಮ್ಲ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ; ಅದರ ಧಾರಣಶಕ್ತಿ ಮರಳಿ ಬಾರದಂತೆ ಕುಂದುತ್ತದೆ. ಪೂರ್ತಿ ತುಂಬಿಸಿ, ಕೆಲವು ಗಂಟೆ ಯಾವ ಸಂಪರ್ಕವೂ ಇಲ್ಲದೆ ಬಿಟ್ಟ ಬ್ಯಾಟರಿ 12.6 ವೋಲ್ಟ್‌ನಷ್ಟು ತೋರಿಸಬೇಕು. ಹಾಗೆ ತೋರಿಸಿಯೂ ಒಂದೇ ದೀಪಕ್ಕೆ ಬೇಗನೆ ಕುಸಿದರೆ ಬದಲಿಸಬೇಕಾದದ್ದು ಬ್ಯಾಟರಿಯನ್ನು. ಆದರೆ ತಂತಿ ಸರಿಪಡಿಸದೆ ಹೊಸ ಬ್ಯಾಟರಿ ಜೋಡಿಸಿದರೆ ಅದಕ್ಕೂ ಇದೇ ಗತಿ.