ಹಳತಾಗದ ಮನೆ

ಕಳೆದ ವರ್ಷ ಬಂಗಾರಪೇಟೆಯ ನಮ್ಮ ಹಳೆಯ ಮನೆಯನ್ನು ದುರಸ್ತಿ ಮಾಡಿಸಬೇಕಾಗಿ ಬಂತು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಮನೆಯ ಒಳಭಾಗವನ್ನು ಅಲಂಕರಿಸಿಕೊಡುವ ತರುಣರೊಬ್ಬರು ಬೆಂಗಳೂರಿನಿಂದ ಬಂದು, ಪಡಸಾಲೆ, ನಡುಮನೆಗಳನ್ನೆಲ್ಲ ಅಳೆದು, ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ನನ್ನ ಮುಂದೆ ಬಿಡಿಸಿದರು. "ಇದು ಕ್ಲಾಸಿಕ್ ಶೈಲಿ ಸಾರ್. ಎಷ್ಟು ಕಾಲವಾದರೂ ಹಳತಾಗುವುದಿಲ್ಲ" ಎಂದರು. ಪುಸ್ತಕದ ಮನೆಗಳಲ್ಲಿ ಸೂರಿನ ಅಂಚಿಗೆ ಹೂಬಳ್ಳಿಗಳಿದ್ದವು, ಗಾಜಿನ ತೂಗುದೀಪಗಳಿದ್ದವು, ಬಾಗಿದ ಕಾಲುಗಳ ಸೋಫಾಗಳಿದ್ದವು. ಅಂಥ ಮನೆ ನಮ್ಮದಾಗಬೇಕಾದರೆ ಚಪ್ಪಡಿ ಕಲ್ಲಿನ ಸೂರನ್ನು ಮರೆಮಾಡಬೇಕು, ಕೆಂಪು ಗಾರೆಯ ನೆಲವನ್ನು ಅಗೆದು ಟೈಲ್ಸ್ ಹಾಕಬೇಕು, ಗೋಡೆಯ ಗೂಡುಗಳನ್ನು ಮುಚ್ಚಬೇಕು. ನಾಲ್ಕು ದಿನ ಕಾಲಾವಕಾಶ ಕೊಡಿ ಎಂದು ಅವರನ್ನು ಕಳುಹಿಸಿದೆ. ಆ ನಾಲ್ಕು ದಿನ ನಾನು ಯೋಚಿಸಿದ್ದನ್ನು ಇಂದು ತಮ್ಮೊಡನೆ ಹಂಚಿಕೊಳ್ಳುತ್ತೇನೆ.

ಪಶ್ಚಿಮದವರು ಕ್ಲಾಸಿಕ್ ಎನ್ನುವುದು ಗ್ರೀಕರ ಮತ್ತು ರೋಮನರ ಕಟ್ಟಡಗಳಿಂದ ಬಂದ ಪರಂಪರೆಯನ್ನು. ಕ್ರಿಸ್ತಪೂರ್ವ 1ನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಒಳ್ಳೆಯ ಕಟ್ಟಡಕ್ಕೆ ಮೂರು ಗುಣಗಳು ಬೇಕೆಂದ: ಗಟ್ಟಿತನ, ಉಪಯೋಗ ಮತ್ತು ಚೆಲುವು. ದೇವಾಲಯದ ಭಾಗಗಳ ಪ್ರಮಾಣಕ್ಕೆ ಮನುಷ್ಯದೇಹದ ಪ್ರಮಾಣವೇ ಮಾದರಿ ಎಂದೂ ಹೇಳಿದ. ನಮ್ಮ ಶಿಲ್ಪಿಗಳ ತಾಳಮಾನದ ಲೆಕ್ಕವೂ ಮುಖದ ಉದ್ದವನ್ನೇ ಅಳತೆಗೋಲಾಗಿ ಹಿಡಿದು ಹೊರಡುತ್ತದೆ. ಎರಡು ದೂರದೇಶಗಳ ಕುಶಲಿಗಳು ದೇಹವೇ ಅಳತೆ ಎಂಬ ಒಂದೇ ಮಾತಿಗೆ ಬಂದಿದ್ದಾರೆ. ಹೂಬಳ್ಳಿ, ತೂಗುದೀಪಗಳು ಆಮೇಲಿನ ಸಂಗತಿ.

ಈ ಮಾತನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ತಂದೆಯವರಿಂದ. ಅವರು ಬಡಗಿ. ಕೋಲಾರ ಚಿನ್ನದ ಗಣಿಯ ಬಂಗಲೆಗಳಲ್ಲಿ ಮರಗೆಲಸ ಮಾಡುತ್ತಿದ್ದರು. 1880ರಿಂದೀಚೆಗೆ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಅಲ್ಲಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ, ಬಂಜರು ದಿನ್ನೆಗಳ ನಡುವೆ ಒಂದು ಪುಟ್ಟ ಇಂಗ್ಲೆಂಡೇ ಎದ್ದು ನಿಂತಿತು. 1894ರಲ್ಲಿ ನಮ್ಮ ಊರಿನಿಂದ ಗಣಿಗೆ ರೈಲು ಹೋಯಿತು. ಆಗ ಊರಿಗೆ ಬೌರಿಂಗ್‌ಪೇಟೆ ಎಂದು ಹೆಸರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿಯ ಮೇಲೆ ವಿದ್ಯುತ್ತು ಬಂತು.

ಏಳೆಂಟು ವರ್ಷದ ಹುಡುಗನಾಗಿದ್ದಾಗ ತಂದೆಯವರ ಸಾಮಾನಿನ ಚೀಲ ಹಿಡಿದು ಒಂದು ಬಂಗಲೆಗೆ ಹೋಗಿದ್ದೆ. ಎತ್ತರದ ಸೂರು, ಅಗಲವಾದ ವೆರಾಂಡ, ಗೋಡೆಯೊಳಗೆ ಚಳಿ ಕಾಯಿಸುವ ಒಲೆ, ಬೆತ್ತ ಹೆಣೆದ ಕುರ್ಚಿಗಳು. ಇದೆಲ್ಲ ಸೀಮೆಯಿಂದಲೇ ಬಂದದ್ದೆಂದು ಬೆರಗಾಗಿದ್ದೆ. ಬಂಗಲೆ ಎಂಬ ಮಾತು ಬಂಗಾಳದ ಮನೆಯಿಂದ ಹುಟ್ಟಿದ್ದೆಂದೂ, ವೆರಾಂಡ ಎಂಬ ಮಾತು ಇಂಗ್ಲಿಷಿಗೆ ಹೋದದ್ದು ಇಂಡಿಯಾದಿಂದಲೇ ಎಂದೂ ತಿಳಿದದ್ದು ಬಹಳ ವರ್ಷಗಳ ಮೇಲೆ. ದೊರೆಗಳು ಈ ಬಿಸಿಲಿಗೆ ಸೋತು ಈ ನೆಲದ ಬುದ್ಧಿಯನ್ನೇ ಕಲಿತಿದ್ದರು. ಆ ಬಂಗಲೆಗಳನ್ನು ತಂಪಾಗಿಟ್ಟದ್ದು ಸೂರಿನ ಎತ್ತರ, ವೆರಾಂಡದ ನೆರಳು, ಎದುರುಬದುರು ಕಿಟಕಿಗಳು.

ಅಂದು ತಂದೆಯವರು ಒಂದು ಕುರ್ಚಿಯ ಕಾಲನ್ನು ಸರಿಪಡಿಸುತ್ತ, "ಕೂರುವ ಹಲಗೆ ನೆಲದಿಂದ 18 ಅಂಗುಲ. ಮರೆಯಬೇಡ" ಎಂದರು. "ಇದು ದೊರೆಗಳ ಅಳತೆಯೇ?" ಎಂದು ಕೇಳಿದೆ. "ಮೊಣಕಾಲಿನ ಅಳತೆ. ಅವರಿಗೂ ಅಷ್ಟೆ, ನಮಗೂ ಅಷ್ಟೆ" ಎಂದರು. ಕೆಲಸ ಮುಗಿಸಿ, ಕುರ್ಚಿಯನ್ನು ಕೈಯಿಂದ ಒತ್ತಿ ಅಲುಗಾಡಿಸಿ ಪರೀಕ್ಷಿಸಿದರು. ಅದರಲ್ಲಿ ಕೂರಲಿಲ್ಲ.

ಹಿಂದಿರುಗುವಾಗ ಗಣಿ ಕೆಲಸಗಾರರ ಲೈನಿನಲ್ಲಿ ಅವರ ಸ್ನೇಹಿತರೊಬ್ಬರ ಮನೆಗೆ ಹೋದೆವು. ಮೊದಮೊದಲು ಈ ಲೈನುಗಳು ಬಿದಿರು ತಟ್ಟಿಯ ಗುಡಿಸಲುಗಳಾಗಿದ್ದವಂತೆ. ನಾನು ಕಂಡದ್ದು ಒಂದೇ ಕೋಣೆಯ ಮನೆ. ಸಾಲುಹಲಗೆಯ ಮೇಲೆ ಬೆಳಗಿದ ಪಾತ್ರೆಗಳು ಗಾತ್ರಕ್ಕೆ ತಕ್ಕಂತೆ ಇಳಿಮೊಗವಾಗಿ ನಿಂತಿದ್ದವು. ಒಂದು ಗೋಡೆಗೆ ಬುದ್ಧನ ಪಟ, ಅಂಬೇಡ್ಕರರ ಪಟ. ಹಾಸಿಗೆ ಹಗಲಲ್ಲಿ ಸುರುಳಿಯಾಗಿ ಮೂಲೆ ಸೇರುತ್ತಿತ್ತು, ರಾತ್ರಿ ಅದೇ ಕೋಣೆ ಮಲಗುವ ಮನೆಯಾಗುತ್ತಿತ್ತು. ಸಾಲುಹಲಗೆಯ ಮುಂಚೂಣಿಗೆ ಒಂದು ತೆಳುವಾದ ಪಟ್ಟಿಯನ್ನು ತಂದೆಯವರೇ ಹೊಡೆದುಕೊಟ್ಟಿದ್ದರಂತೆ. ಏಕೆಂದರೆ ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು, ಪಾತ್ರೆಗಳು ಉರುಳುತ್ತಿದ್ದವು. ಆ ಸದ್ದು ಕೇಳಿದ ಹೆಂಗಸರು ಪಾತ್ರೆಗಳನ್ನು ನೋಡುತ್ತಿರಲಿಲ್ಲ. ಕೆಳಗಿಳಿದವರ ಸುದ್ದಿ ತಿಳಿಯಲು ಬಾಗಿಲಿಗೆ ಓಡುತ್ತಿದ್ದರು.

ಆ ನಾಡಿಗೆ ಇನ್ನೊಂದು ಶತ್ರುವಿತ್ತು, ಅದು ಧೂಳು. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿಯೇ ಬೆಟ್ಟಗಳಾಗಿ ನಿಂತಿತು. ಸಯನೈಡ್ ದಿಬ್ಬಗಳೆಂದು ಜನ ಕರೆಯುವ ಅವು ಇಂದಿಗೂ ಅಲ್ಲಿವೆ. ಗಾಳಿಯ ತಿಂಗಳುಗಳಲ್ಲಿ ಆ ಹುಡಿ ಬಂಗಲೆಯನ್ನೂ ಲೈನನ್ನೂ ಭೇದವಿಲ್ಲದೆ ಹೊಕ್ಕುತ್ತಿತ್ತು. ಅಂಥ ಕಡೆ ಕೆತ್ತನೆ ತುಂಬಿದ ಮರದ ಸಾಮಾನು, ದಪ್ಪ ಪರದೆಗಳು ಇಟ್ಟವರಿಗೆ ಒರೆಸುವುದೇ ಕೆಲಸವಾಗುತ್ತದೆ. ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಶುಚಿಯಾಗುವ ಸರಳ ಮುಖದ ಹಲಗೆಯೇ ಅಲ್ಲಿ ಉಚಿತ. ಸರಳತೆ ನಮ್ಮ ಕಡೆಯವರಿಗೆ ಅಭಿರುಚಿಯ ಮಾತಾಗುವುದಕ್ಕೆ ಮೊದಲು ಅವಶ್ಯಕತೆಯಾಗಿತ್ತು.

ಇಷ್ಟೆಲ್ಲ ಬಲ್ಲವನಂತೆ ಮಾತನಾಡುವ ನಾನು ಮಾಡಿದ್ದೇನು? ನಮ್ಮ ಪಡಸಾಲೆಯಲ್ಲಿ ತಂದೆಯವರು ಉಳಿಕೆ ತೇಗದಿಂದ ಮಾಡಿದ ಒರಗು ಬೆಂಚೊಂದಿತ್ತು. 1978ರಲ್ಲಿ, ಕೆಲಸ ಸಿಕ್ಕ ಹೊಸತರಲ್ಲಿ, ಅದು ಹಳೆಯ ಕಾಲದ್ದೆಂದು ನಾಚಿ, ಹಳೆ ಸಾಮಾನಿನವನಿಗೆ 40 ರೂಪಾಯಿಗೆ ಕೊಟ್ಟು ರೆಕ್ಸಿನ್ ಹೊದಿಸಿದ ಸೋಫಾ ತಂದೆ. ತಂದೆಯವರು ಬಯ್ಯಲಿಲ್ಲ. ಒಮ್ಮೆ ಕೂತರು. ಏಳುವಾಗ ಗೋಡೆಗೆ ಕೈ ಕೊಟ್ಟರು. "ನಾಲ್ಕು ಅಂಗುಲ ತಗ್ಗು" ಎಂದಷ್ಟೇ ಹೇಳಿದರು. ಆಮೇಲೆ ಅವರು ಕೂರುತ್ತಿದ್ದುದು ಜಗಲಿಯ ಮೇಲೆ. ಎಂಟು ವರ್ಷಕ್ಕೆ ರೆಕ್ಸಿನ್ ಹರಿಯಿತು, ಅಷ್ಟರಲ್ಲಿ ಅವರೂ ಇರಲಿಲ್ಲ. ಇಂದು ನನ್ನ ಮೊಣಕಾಲುಗಳು ಅವರ ಮಾತನ್ನು ದಿನವೂ ನೆನಪಿಸುತ್ತವೆ.

ಗಣಿಯೂ ಉಳಿಯಲಿಲ್ಲ. ಮೂರು ಕಿಲೋಮೀಟರಿಗೂ ಮೀರಿ ಆಳಕ್ಕಿಳಿದಿದ್ದ ಅದು 2001ರ ಫೆಬ್ರವರಿ 28ರಂದು ಮುಚ್ಚಿತು. ಬಂಗಲೆಗಳು ಪಾಳುಬಿದ್ದವು, ಸೂರಿನ ಹಂಚು ಜಾರಿತು. ತಮ್ಮದಲ್ಲದ ಲೈನಿನ ಕೋಣೆಗಳಲ್ಲಿ ಕೆಲಸಗಾರರ ಕುಟುಂಬಗಳು ಉಳಿದವು. ಮನೆಯ ಹಕ್ಕನ್ನು ಕೇಳುತ್ತಲೇ ಅವರು ಆ ಗೋಡೆಗಳಿಗೆ ಸುಣ್ಣ ಬಳಿದರು, ಹೊಸ್ತಿಲಿಗೆ ರಂಗೋಲಿ ಹಾಕಿದರು. ಎಷ್ಟೋ ಮಂದಿಯ ಮಕ್ಕಳು ಬೆಳಗಿನ ಜಾವದ ರೈಲಿಗೆ ಮಾರಿಕುಪ್ಪಂನಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ದೊಡ್ಡ ಕಂಪನಿ ಕಟ್ಟಿಸಿದ ಮನೆಗಿಂತ ದಿನವೂ ಒರೆಸಿ, ಬಳಿದು, ಬಾಳಿದ ಮನೆ ಹೆಚ್ಚು ಕಾಲ ನಿಂತಿತು.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಬಂಗಲೆಯ ಮೇಜು ಕುರ್ಚಿಗಳನ್ನೆಲ್ಲ ಅಳೆದ ತಂದೆಯವರ ಅಡಿಪಟ್ಟಿ ನಮ್ಮ ಅಡುಗೆಮನೆಗೆ ಬರಲೇ ಇಲ್ಲ. ತಾಯಿಯವರು ಜೀವನವಿಡೀ ಕತ್ತಲೆಯ ಮೂಲೆಯಲ್ಲಿ, ಹೊಗೆಯಲ್ಲಿ, ಕುಕ್ಕರುಗಾಲಲ್ಲಿ ಕೂತು ಬೇಯಿಸಿದರು. ಅವರ ಬೆನ್ನಿನ ಅಳತೆಯನ್ನು ಯಾರೂ ತೆಗೆಯಲಿಲ್ಲ, ಮಗನಾದ ನಾನೂ ತೆಗೆಯಲಿಲ್ಲ.

ಐದನೆಯ ದಿನ ತರುಣರು ಬಂದಾಗ ನನ್ನ ತೀರ್ಮಾನವನ್ನು ತಿಳಿಸಿದೆ. ಚಪ್ಪಡಿಯ ಸೂರು ಹಾಗೆಯೇ ಇರಲಿ, ಮೇಲಿನ ಗಾರೆಯ ಬಿರುಕುಗಳನ್ನು ಮಾತ್ರ ಮುಚ್ಚಿಸಿ. ಕೆಂಪು ನೆಲ ಅಲ್ಲಲ್ಲಿ ಎದ್ದಿದೆ. ಅಷ್ಟನ್ನು ಮತ್ತೆ ಹಾಕಿಸಿ, ನೀರು ಕಟ್ಟಿ ಹದ ಮಾಡಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಉಜ್ಜಿಸಿ. ಗೋಡೆಗೆ ಬಿಳಿ ಸುಣ್ಣ ಸಾಕು. ತೂಗುದೀಪದ ಹಣವನ್ನು ಅಡುಗೆಮನೆಗೆ ಹಾಕಿ. ಪೂರ್ವಕ್ಕೊಂದು ದೊಡ್ಡ ಕಿಟಕಿ ಇಡಿ, ಒಲೆಯ ಕಟ್ಟೆಯನ್ನು ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕು ಅಂಗುಲ ಕೆಳಗೆ ಕಟ್ಟಿಸಿ.

ತರುಣರು ಬೇಸರಪಡಲಿಲ್ಲ. ಸೊಸೆಯನ್ನು ಅಡುಗೆಮನೆಗೆ ಕರೆದು ನಿಲ್ಲಿಸಿ, ಮೊಣಕೈಯ ಎತ್ತರವನ್ನು ಅಳೆದು ಬರೆದುಕೊಂಡರು. ನಾನೂ ಒಂದು ಅಡುಗೆ ಮಾಡಿಕೊಡುತ್ತೇನೆ, ನನ್ನದನ್ನೂ ಅಳೆಯಿರಿ ಎಂದು ಮೊಮ್ಮಗಳು ನಕ್ಕಳು. ಆಕೆ ವರನಿಗೂ ಫೋನು ಮಾಡಿ ಅವನ ಅಳತೆಯನ್ನು ಕೇಳಿದಳು. ಅದು ನಮ್ಮ ಕಾಲದಲ್ಲಿ ಯಾರಿಗೂ ಹೊಳೆಯದಿದ್ದ ಮಾತು.

ಪಡಸಾಲೆಗೆ ಈಗ ಹೊಸದೊಂದು ಬೆಂಚು ಬಂದಿದೆ. ಬಂಗಾರಪೇಟೆಯ ಬಡಗಿಯೇ ಮಾಡಿದ್ದು. ನೆಲದಿಂದ 18 ಅಂಗುಲ. ಮುಚ್ಚಿಸದೆ ಉಳಿಸಿಕೊಂಡ ಗೋಡೆಯ ಗೂಡಿನಲ್ಲಿ ತಂದೆಯವರ ಮಡಿಸುವ ಅಡಿಪಟ್ಟಿ ಇದೆ. ಮದುವೆಗೆ ಬಂದ ಹಿರಿಯರೊಬ್ಬರು ಆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಯಾರ ಕೈಯನ್ನೂ ಹಿಡಿಯದೆ ಎದ್ದುಹೋದರು. ಅಲಂಕಾರ ಹೇಗಿದೆ ಎಂದು ನಾನು ಅವರನ್ನು ಕೇಳಲಿಲ್ಲ.